ಕಾಕು ಅವರ ಎಮ್ಮೆಗಳಿಗೆ ಕರೆಂಟ್ ಬೇಲಿ

ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಬೈಕುಲ್ಲಾದ ಗ್ಯಾರೇಜೊಂದರಲ್ಲಿ ಕಾರುಗಳ ವೈರಿಂಗ್ ಕೆಲಸ ಮಾಡುತ್ತಿದ್ದೆ. ಮನೆ ಚೆಂಬೂರಿನ ಒಂದು ಚಾಳಿನಲ್ಲಿ, ಒಂದೊಂದೇ ಖೋಲಿಯ ಸಾಲುಮನೆಗಳಲ್ಲಿ. ಚಾಳಿನ ಹಿಂದೆ ಲೋಕಲ್ ರೈಲಿನ ಹಳಿಯವರೆಗೂ ಹುಲ್ಲು ಬೆಳೆದ ಖಾಲಿ ಜಾಗ. ಅಲ್ಲಿ ವಿಜಾಪುರದ ಕಡೆಯ ವಿಧವೆಯೊಬ್ಬರು ನಾಲ್ಕು ಎಮ್ಮೆ ಸಾಕಿಕೊಂಡು ಹಾಲು ಮಾರುತ್ತಿದ್ದರು. ಇಡೀ ಚಾಳಿಗೇ ಅವರು ಕಾಕು, ಅಂದರೆ ಚಿಕ್ಕಮ್ಮ.

ಒಂದು ಮಳೆಗಾಲ, ಗಬ್ಬದ ಎಮ್ಮೆಯೊಂದು ಹಳಿ ದಾಟಲು ಹೋಗಿ ಲೋಕಲ್‌ಗೆ ಸಿಕ್ಕು ಸತ್ತಿತು. ಎರಡು ದಿನ ಕಾಕು ಮನೆಯಿಂದ ಹೊರಗೆ ಬರಲಿಲ್ಲ. ಮೂರನೆಯ ದಿನ ನಮ್ಮ ಬಾಗಿಲಿಗೆ ಬಂದರು.

"ತಮ್ಮಾ, ನೀ ಕರೆಂಟಿನ ಕೆಲಸ ಮಾಡಾಂವ. ಹಳಿ ಕಡೆ ತಂತಿ ಬೇಲಿ ಹಾಕಿ, ಕಂಬದಿಂದ ಒಂದು ವೈರ್ ಎಳದು ಅದಕ್ಕ ಹಚ್ಚು. ಉಳಿದ ಮೂರರೆ ಬದುಕಲಿ."

"ಹಂಗ ಮಾಡಿದ್ರ ಎಮ್ಮಿನೂ ಸಾಯ್ತಾವ, ಮಂದಿನೂ ಸಾಯ್ತಾರ, ಕಾಕು. ಬ್ಯಾರೆ ದಾರಿ ಹುಡುಕ್ತೀನಿ, ಸ್ವಲ್ಪ ದಿನ ತಡೀರಿ."

ಕಾರಿನ ಇಂಜಿನ್ನಿಗೆ ಕಿಡಿ ಕೊಡುವ ಕಾಯಿಲ್‌ನಿಂದ ನಾನು ಎಷ್ಟೋ ಸಲ ಶಾಕ್ ತಿಂದಿದ್ದೆ. ಅದು ಕೈಯನ್ನು ಒದರಿ ಎಸೆಯುತ್ತಿತ್ತೇ ಹೊರತು ಹಿಡಿದುಕೊಳ್ಳುತ್ತಿರಲಿಲ್ಲ. ಬೇಲಿಗೂ ಅಂಥದ್ದೇ ಬೇಕು ಅನ್ನಿಸಿತು. ಗ್ಯಾರೇಜಿನ ಮಾಲೀಕ ಸೇಠರನ್ನು ಕೇಳಿ ಗುಜರಿಯಿಂದ ಒಂದು ಕಾಯಿಲ್, ಒಂದು ವೈಪರ್ ಮೋಟಾರ್, ಹಳೆಯ ಬ್ಯಾಟರಿ ತಂದೆ. ಮೋಟಾರ್ ಒಂದು ಸುತ್ತು ಸುತ್ತಿದಾಗ ತಂತಿಗೆ ಒಂದೇ ಹೊಡೆತ, ಆಮೇಲೆ ತುಸು ಬಿಡುವು. ಮುಟ್ಟಿದವರು ದೂರ ಸರಿಯಲು ಆ ಬಿಡುವು ಬೇಕೇ ಬೇಕು. ಅದನ್ನು ಸರಿಹೊಂದಿಸುವುದರಲ್ಲೇ ಮೂರು ಭಾನುವಾರ ಕಳೆದವು. ಕರೆಂಟು ನೆಲಕ್ಕೆ ಇಳಿಯದಂತೆ ಬಿದಿರಿನ ಗೂಟಗಳಿಗೆ ಸೈಕಲ್ ಟ್ಯೂಬಿನ ತುಂಡು ಸುತ್ತಿ, ಅದರ ಮೇಲೆ ತಂತಿ ಎಳೆದೆ.

ನಾಲ್ಕನೆಯ ಭಾನುವಾರ ಚಾಳಿನ ಮಂದಿಯೆಲ್ಲ ಸೇರಿದರು. ಮೊದಲು ನಾನೇ ಮುಟ್ಟಿದೆ. ಮೊಳಕೈವರೆಗೆ ಜುಮ್ಮೆಂದಿತು. ಎಮ್ಮೆಗಳನ್ನು ಬಿಡಲು ಹೇಳಿದರೆ ಕಾಕು ಒಪ್ಪಲಿಲ್ಲ.

"ತಡಿ. ಅವಕ್ಕ ಏನಾಗ್ತದೋ ನನಗ ಗೊತ್ತಾಗಬೇಕು."

ನಾನು ತಡೆಯುವಷ್ಟರಲ್ಲಿ ಕೈಯಿಟ್ಟೇಬಿಟ್ಟರು. "ಯವ್ವಾ!" ಎಂದು ಹಿಂದಕ್ಕೆ ಹಾರಿ, ಕೈ ಜಾಡಿಸುತ್ತ ನಕ್ಕರು. ಎಮ್ಮೆ ಸತ್ತ ಮೇಲೆ ಅವರು ನಕ್ಕಿದ್ದನ್ನು ನಾನು ನೋಡಿದ್ದು ಅಂದೇ ಮೊದಲು. "ಚೇಳು ಕಡದಂಗಾತು. ಆದ್ರ ಜೀವಕ್ಕೇನೂ ಆಗಾಂಗಿಲ್ಲ. ಬಿಡ್ರಿ ಎಮ್ಮಿ."

ಮುಂದಾಳು ಎಮ್ಮೆ ಹಳಿಯ ಕಡೆಗೇ ನಡೆಯಿತು. ಒದ್ದೆ ಮೂಗು ತಂತಿಗೆ ತಾಗಿದ್ದೇ ತಡ, ಅಷ್ಟು ದೊಡ್ಡ ಪ್ರಾಣಿ ಕರುವಿನ ಹಾಗೆ ನೆಗೆದು ಹಿಂದೆ ಸರಿಯಿತು. ಬಹಳ ಹೊತ್ತು ತಂತಿಯನ್ನೇ ದುರುಗುಟ್ಟಿ ನೋಡಿ, ಹುಲ್ಲಿಗೆ ಬಾಯಿ ಹಾಕಿತು. ವಾರದೊಳಗೆ ಮೂರು ಎಮ್ಮೆಗಳೂ ಪಾಠ ಕಲಿತವು. ಬ್ಯಾಟರಿ ಚಾರ್ಜಿಗೆ ಹೋದ ದಿನವೂ ಬೇಲಿಯ ಹತ್ತಿರ ಸುಳಿಯುತ್ತಿರಲಿಲ್ಲ.

ಸುದ್ದಿ ಕೇಳಿ ಸೇಠರೇ ನೋಡಲು ಬಂದರು. ಸುತ್ತ ಒಂದು ಸಲ ನಡೆದು, "ಕ್ಯಾ ಬಾತ್ ಹೈ!" ಎಂದು ನನ್ನ ಬೆನ್ನು ತಟ್ಟಿದರು. ನಾನು ಓದಿದ್ದು ಏಳನೆಯ ಇಯತ್ತೆವರೆಗೆ ಮಾತ್ರ. ಆದರೂ ಕಾಕು ಸೇಠರ ಎದುರು ಎದೆಯುಬ್ಬಿಸಿ ಹೇಳಿದರು: "ಇಂವ ನಮ್ಮ ಚಾಳಿನ ಇಂಜಿನಿಯರ್ ಅದಾನ್ರೀ."

ಆ ಜಾಗದಲ್ಲಿ ಬಿಲ್ಡಿಂಗ್ ಏಳುವವರೆಗೂ ಕಾಕು ಅವರ ಒಂದು ಎಮ್ಮೆಯೂ ಮತ್ತೆ ಹಳಿಗೆ ಹೋಗಲಿಲ್ಲ.