ಬೈಸಿಕೊಳ್ಳುವ ಅಭ್ಯಾಸ

ವಡಗಾವಿಯಲ್ಲಿ ನಮ್ಮಣ್ಣನ ಮನೆ. ರವಿವಾರ ಮುಂಜಾನೆ ಅಲ್ಲಿಯ ಅಡಿಗೆಮನೆಯಲ್ಲಿ ನಾಲ್ಕು ಮಂದಿ ಸೇರುತ್ತಿದ್ದೆವು. ಮಣೆಯ ಮೇಲೆ ಚಕ್ಕಳಮಕ್ಕಳ ಹಾಕಿಕೊಂಡು ಅಣ್ಣ, ಒಲೆಯ ಮುಂದೆ ಅವನ ಹೆಂಡತಿ, ನಮ್ಮ ವೈನಿ, ಬಾಗಿಲಿಗೆ ಆತುಕೊಂಡು ನಮ್ಮ ಮನೆಯವರು, ಉಳ್ಳಾಗಡ್ಡಿ ಹೆಚ್ಚುತ್ತ ನಾನು. ಬೆಳಗಾವಿಯ ಥಂಡಿ ಗೊತ್ತಲ್ಲ? ಅದರೊಳಗೂ ಅಣ್ಣ ತಣ್ಣೀರು ಹೊಯ್ಕೊಂಡು, ಹಣೆಗೆ ವಿಭೂತಿ ಬಳಕೊಂಡು, ಬರೇ ಬನಿಯನ್ನಿನ ಮೇಲೆ ನಡುಗುತ್ತ ಕೂತಿರುತ್ತಿದ್ದ. ಕೂತು, "ಹೂಂ, ಸುರು ಮಾಡ್ರಿ" ಅನ್ನುತ್ತಿದ್ದ. ನಾವು ಅವನನ್ನು ಬೈಯಲು ಸುರು ಮಾಡುತ್ತಿದ್ದೆವು.

ಇದೆಲ್ಲ ಅಣ್ಣ ಮೊಬೈಲಿನಲ್ಲಿ ನೋಡಿದ ವಿಡಿಯೋಗಳಿಂದ ಬಂದದ್ದು. ಹಿಂದಕ ಗ್ರೀಸ್ ದೇಶದಲ್ಲಿ ಸ್ಟೋಯಿಕರು ಅಂತ ಇದ್ದರಂತೆ. ಏನು ಬಂದರೂ ಅಲುಗಾಡದ ಮಂದಿ. "ಮಂದಿ ಬಾಯಿ ನಮ್ಮ ಕೈಯಾಗಿಲ್ಲ ತಂಗೀ. ನಮ್ಮ ಮನಸ್ಸಷ್ಟ ನಮ್ಮ ಕೈಯಾಗ ಐತಿ" ಅಂತ ಅಣ್ಣ ನನಗೂ ಪಾಠ ಹೇಳುತ್ತಿದ್ದ. ಚಹಾದಲ್ಲಿ ಸಕ್ಕರೆ ಬಿಟ್ಟ, ಗಾದಿ ಬಿಟ್ಟು ನೆಲದ ಮೇಲೆ ಮಲಗಿದ. ರಾತ್ರಿ ಊಟ ಆದಮೇಲೆ, ಇವತ್ತು ಎಲ್ಲಿ ತಪ್ಪಿದೆ ಅಂತ ಗೋಡೆಗೆ ಮುಖ ಮಾಡಿ ತನ್ನನ್ನು ತಾನೇ ಕೇಳಿಕೊಳ್ಳುತ್ತಿದ್ದ. ಅವಮಾನ ತಾಳಿಕೊಳ್ಳುವುದೂ ಒಂದು ಅಭ್ಯಾಸವಂತೆ. ಅದಕ್ಕೆ ಬೈಯುವವರು ಬೇಕಲ್ಲ? ಅದಕ್ಕೇ ನಾವು.

"ಇಷ್ಟು ವರ್ಷ ಪೂಜಿ ಮಾಡಿದ್ರೂ ಇಳೀಲಾರದ ಸಿಟ್ಟು ಮೊಬೈಲಿಗೆ ಇಳೀತೈತೇನ್ರೀ?" ಅಂದಳು ವೈನಿ.

ಅಣ್ಣನ ಸಿಟ್ಟು ಅಂಥಿಂಥದ್ದಲ್ಲ. ಉದ್ಯಮಬಾಗದ ಫೌಂಡ್ರಿಯೊಂದರಲ್ಲಿ ಸೂಪರ್‌ವೈಸರ್ ಆಗಿದ್ದವನು. ಯಂತ್ರದ ಸಪ್ಪಳ ಮೀರಿ ಒದರಿ ಒದರಿ ರೂಢಿಯಾದ ಗಂಟಲು. ಒಬ್ಬಳೇ ಮಗಳನ್ನು ಖಾನಾಪುರಕ್ಕೆ ಕೊಟ್ಟಿದ್ದ. ಮದುವೆಯ ಊಟದಲ್ಲಿ ಹುಡುಗನ ಸೋದರಮಾವ, "ಬುಂದಿ ಹಲ್ಲಿಗೆ ಹತ್ತಲೊಲ್ದು, ಬೀಗರು ಕಲ್ಲಾಗ ಮಾಡಿಸ್ಯಾರೇನು?" ಅಂತ ಚೇಷ್ಟೆ ಮಾಡಿದ. ಅಣ್ಣ ಬುಂದಿಯ ಬುಟ್ಟಿಯನ್ನೇ ತಂದು ಅವನ ತಲೆಯ ಮೇಲೆ ಬೋರಲು ಹಾಕಿದ. ಅಲ್ಲಿಂದ ಬೀಗತನ ಕೆಟ್ಟಿತು. ಮಗಳು ಬಸಿರಾದಳು. ಚೊಚ್ಚಲ ಬಾಣಂತನ ತವರಿನಲ್ಲಿ ಅನ್ನುವ ರೂಢಿಯನ್ನೂ ಮುರಿದು ಅವರು ಆಕೆಯನ್ನು ಕಳಿಸಲಿಲ್ಲ. ಆಗ ಮಗಳೇ ಫೋನ್ ಮಾಡಿದ್ದಳು. "ಅಪ್ಪಾ, ಕೂಸು ಹುಟ್ಟಿದ ಮ್ಯಾಲ ತೊಟ್ಟಿಲಕ್ಕ ಕರೀತಾರ. ಅವತ್ತ ನೀ ಮತ್ತ ಸಿಟ್ಟಿಗೆದ್ರ ನಂದೂ ನಿಂದೂ ಹೋಗಿಬರೂದು ಮುಗೀತು, ನೋಡು."

ಅಣ್ಣ ತಣ್ಣೀರು ಹೊಯ್ಕೊಂಡದ್ದು ಈ ಮಾತಿಗೆ. ಗ್ರೀಸಿನವರಿಗಲ್ಲ.

ಬೈಯುವುದರಲ್ಲಿ ನಮ್ಮ ಮನೆಯವರು ದಡ್ಡರು. "ಏ ಬಕ್ಕತಲೆ" ಅಂತ ಒಂದು ಅಂದು ನಾಲಿಗೆ ಕಚ್ಚಿಕೊಳ್ಳುತ್ತಿದ್ದರು. ನಾನು ಮಾತು ಕಲಿತದ್ದು ಬೀಡಿ ಅನ್ನುವ ಊರಿನಲ್ಲಿದ್ದ ನಮ್ಮ ಅಜ್ಜಿ, ಆಯಿಯ ಹತ್ತಿರ. ಆಕೆ ಬೈಯಲು ನಿಂತರೆ ಬಾಜು ಮನೆಯವರು ಕೈಕೆಲಸ ಬಿಟ್ಟು ಕಟ್ಟೆಗೆ ಬಂದು ಕೂಡುತ್ತಿದ್ದರು, ಬೈಸಿಕೊಂಡವನೂ ಒಂದೊಂದು ಸಲ ನಕ್ಕುಬಿಡುತ್ತಿದ್ದ. ಆ ಬಾಯಿ ನನಗೆ ಬಂದಿದೆ.

"ಎಲೋ, ಆ ಹೊಟ್ಟಿ ನೋಡಿದ್ರ ಬಾಣಂತನ ಮಗಳಿಗಲ್ಲ, ನಿನಗ ಮಾಡಬೇಕು" ಅಂದೆ. ಅಣ್ಣ ಕಣ್ಣು ಮುಚ್ಚಿಕೊಂಡು, "ಛಲೋ ಐತಿ, ಇನ್ನೊಂದು" ಅಂದ.

"ನಿನ್ನ ಧನಿ ಕೇಳಿದ್ರ ಎಮ್ಮಿ ಕಟ್ಟಿದ ಹಗ್ಗ ಹರಕೊಂಡು ಓಡ್ತಾವು. ಬೀಗರೇನು, ಬಡಪಾಯಿ ಮನಿಶ್ಯಾರು!"

"ಇನ್ನೊಂದು."

ದಿನ ಹೋದಂತೆ ಅವನ ಕಿವಿಯ ಕೆಂಪು ಕಡಿಮೆಯಾಯಿತು. ನಮಗೆ ಚಟ ಹತ್ತಿತು. ಖರೇ ಹೇಳಬೇಕೆಂದರೆ, ರವಿವಾರ ಬರುವುದನ್ನೇ ನಾನು ಕಾಯುತ್ತಿದ್ದೆ.

ವೈನಿ ಮಾತ್ರ ಒಂದೂ ಬೈದಿರಲಿಲ್ಲ. "ನೀನೂ ಒಂದು ಬೈಯ್ಯ, ಹೆದರಬ್ಯಾಡ" ಅಂತ ಅಣ್ಣನೇ ಒತ್ತಾಯ ಮಾಡಿದ. ಉಪ್ಪಿಟ್ಟು ತಿರುವುತ್ತಿದ್ದ ಆಕೆ ತಿರುಗಿ ನೋಡದೆ ಹೇಳಿದಳು: "ನಿಮ್ಮ ಗಾಡಿ ಸಪ್ಪಳ ಕೇಳಿದ್ರ ನಾ ಕೈಯಾಗಿನ ಭಾಂಡಿ ಕೆಳಗಿಡ್ತಿದ್ದಿಲ್ಲ. ಎಲ್ಲಿ ಸಪ್ಪಳ ಆದೀತು, ಎಲ್ಲಿ ಬೈತೀರಿ ಅಂತ. ಮಗಳು ಕಾಟಿನ ಬುಡಕ ಹೋಗಿ ಕುಂಡ್ರತಿತ್ತು. ನೀವು ಸಂಸಾರ ಮಾಡಲಿಲ್ರಿ. ನಮ್ಮನ್ನ ಹೆದರಿಸಿ ಇಟಗೊಂಡ್ರಿ."

ನಮ್ಮ ಮನೆಯವರು ಅಂಗಳಕ್ಕೆ ಹೋದರು. ನಾನು ಹೆಚ್ಚುವುದನ್ನು ನಿಲ್ಲಿಸಿದೆ. ಅಣ್ಣನ ಮುಖ ಒಂದಿಷ್ಟೂ ಬದಲಾಗಲಿಲ್ಲ.

"ಭಾಳ ಛಲೋ ಬೈದಿ" ಅಂದ. "ಇನ್ನೊಂದು."

ವೈನಿ ಉಪ್ಪಿಟ್ಟು ನೀಡಿದಳು. ಇನ್ನೊಂದು ಬೈಯಲಿಲ್ಲ.

ಹೆಣ್ಣು ಕೂಸು ಹುಟ್ಟಿತು. ಮಾತು ಕೊಟ್ಟಂತೆ ತೊಟ್ಟಿಲಿಗೆ ಕರೆ ಬಂತು. ಅಣ್ಣ ದೊಡ್ಡ ಡಬ್ಬಿ ಕುಂದಾ ಮಿಠಾಯಿ ತೊಗೊಂಡ. ನಾವು ನಾಲ್ವರೂ ಖಾನಾಪುರಕ್ಕೆ ಹೋದೆವು. ಬೀಗರ ಪಡಸಾಲೆ ತುಂಬ ಮಂದಿ. ಮಗಳು ಕೂಸನ್ನು ಮಡಿಲಲ್ಲಿ ಇಟ್ಟುಕೊಂಡು ಗೋಡೆಗೆ ಆತು ಕೂತಿದ್ದಳು. ಕಣ್ಣ ಕೆಳಗೆ ಕಪ್ಪು. ಕೂಸು ಚೀರುತ್ತಿತ್ತು.

"ಅಳಲಾರದ ಏನ್ ಮಾಡೀತು, ಎದಿಯಾಗ ಹಾಲಿಲ್ಲ ಈಕೀಗೆ" ಅಂದಳು ಅವಳ ಅತ್ತೆ, ಎಲ್ಲರಿಗೂ ಕೇಳುವ ಹಾಗೆ.

ಬುಂದಿ ಹೊತ್ತ ಸೋದರಮಾವ ಅದಕ್ಕೇ ಕಾಯುತ್ತಿದ್ದ. ಮೊದಲು ಮರಾಠಿಯಲ್ಲಿ ಹೇಳಿ ತನ್ನ ಕಡೆಯವರನ್ನು ನಗಿಸಿದ. ಆಮೇಲೆ ನಮಗೂ ತಿಳಿಯಲಿ ಅಂತ ಕನ್ನಡದಲ್ಲಿ ಹೇಳಿದ: "ಎಮ್ಮಿ ಆಗಿದ್ರ ಇಷ್ಟೊತ್ತಿಗೆ ಸಂತಿಗೆ ಹೊಡದಿರ್ತಿದ್ವಿ. ಹಾಲಿಲ್ಲ, ಹಾಕಿದ್ದೂ ಹೆಣ್ಣು. ಬೀಗರು ನಮಗ ಗೊಡ್ಡು ಮಾಲು ಕಟ್ಯಾರ."

ಪಡಸಾಲೆ ನಕ್ಕಿತು. ಅಳಿಯನೂ ನೆಲ ನೋಡುತ್ತ ನಕ್ಕ. ಮಗಳು ತಲೆ ಎತ್ತಿದಳು. ಗಂಡನನ್ನು ನೋಡಲಿಲ್ಲ, ತಾಯಿಯನ್ನು ನೋಡಲಿಲ್ಲ. ಅಪ್ಪನನ್ನು ನೋಡಿದಳು. ಫೋನಿನಲ್ಲಿ ಸಿಟ್ಟಾಗಬೇಡ ಅಂದವಳೇ, ಈಗ ಒಂದು ಕೂಗಿಗೆ ಕಾಯುತ್ತಿದ್ದಳು. ನನಗೆ ತಿಳಿಯಿತು. ವೈನಿಗೂ ತಿಳಿಯಿತು.

ಅಣ್ಣ ನಗುತ್ತ ಎದ್ದ. ಡಬ್ಬಿಯ ಮುಚ್ಚಳ ತೆಗೆದು, ಸೋದರಮಾವನ ಮುಂದೆ ಬಗ್ಗಿ, "ಕುಂದಾ ತಗೋರ್ರಿ, ಮೆತ್ತಗ ಐತಿ" ಅಂದ.

ಮಗಳು ಸೆರಗು ಎಳೆದುಕೊಂಡು ಕೂಸಿನ ಕಡೆ ತಿರುಗಿದಳು. ನಾವು ಹೊರಡುವಾಗಲೂ ಮುಖ ಎತ್ತಲಿಲ್ಲ.

ನನ್ನ ಬಾಯಿಯೂ ಆವತ್ತು ಬೀಗರ ಮನೆಯಲ್ಲಿ ಬಿದ್ದುಹೋಗಿತ್ತು. ಬೀಡಿಯ ಆಯಿ ಇದ್ದಿದ್ದರೆ ಆ ಮನುಷ್ಯ ಊಟ ಬಿಟ್ಟು ಎದ್ದು ಹೋಗುತ್ತಿದ್ದ.

ಬಸ್ಸಿನಲ್ಲಿ ಅಣ್ಣನ ಮುಖ ಪರೀಕ್ಷೆ ಪಾಸಾದ ಹುಡುಗನದು. "ನೋಡಿದ್ರೇನು? ಎದಿ ಸುದ್ದಾ ಹೊಡಕೊಳ್ಳಲಿಲ್ಲ ನಂದು. ಅಂವ ಏನಂದ್ರೂ ನನಗ ತಟ್ಟಲಿಲ್ಲ."

"ನಿಮಗ ಎಲ್ಲಿ ಅಂದಾನ್ರಿ ಅಂವ?" ಅಂದಳು ವೈನಿ. "ಅಂದದ್ದು ಆಕೀಗೆ."

"ಸಿಟ್ಟಾಗಬ್ಯಾಡ ಅಂತ ಆಕೀನ ಹೇಳಿದ್ಲಲ್ಲ?"

"ಬುಂದಿ ಸಲುವಾಗಿ ಸಿಟ್ಟಾಗಬ್ಯಾಡ ಅಂದಿದ್ಲು."

ಅಣ್ಣ ಕಿಟಕಿಯ ಕಡೆ ತಿರುಗಿ, "ಮಂದಿ ಬಾಯಿ ನಮ್ಮ ಕೈಯಾಗಿಲ್ಲ" ಅಂದ. ವೈನಿ ಎದ್ದು ಹೋಗಿ ಮುಂದಿನ ಸೀಟಿನಲ್ಲಿ, ಯಾರೋ ಗುರುತಿಲ್ಲದ ಹೆಂಗಸಿನ ಬಾಜು ಕೂತಳು.

ಮಳೆ ಹಿಡಿಯುವ ಮುಂಚೆ ಒಂದು ಮಧ್ಯಾಹ್ನ ಮಗಳು ಕೂಸನ್ನು ಎತ್ತಿಕೊಂಡು, ಒಂದು ಬ್ಯಾಗು ಹಿಡಕೊಂಡು ಬೆಳಗಾವಿಗೆ ಬಂದಳು. ಬಂದದ್ದು ನಮ್ಮ ಮನೆಗೆ, ಅಪ್ಪನ ಮನೆಗಲ್ಲ. "ಅತ್ತೀ, ನಿನ್ನ ಹಂತ್ಯಾಕ ಇರ್ತೀನಿ" ಅಂದಳು. ನಾನು ವೈನಿಗೆ ಫೋನ್ ಮಾಡಿದೆ. ಆಕೆ ಆಟೋ ಹಿಡಿದು ಆಗಲೇ ಬಂದಳು. ಸಂಜೆ ಅಣ್ಣ ಬಂದ. ಮಗಳು ಒಳಗಿನ ಕೋಣೆಯ ಬಾಗಿಲು ಹಾಕಿಕೊಂಡಳು. ಎರಡು ಸಲ ಕರೆದ, ಆಕೆ ಓಗೊಡಲಿಲ್ಲ. ನಾನು ಕೂಸನ್ನು ಹೊರಗೆ ತಂದು ತೋರಿಸಿದೆ. ಅದರ ಕಾಲು ಮುಟ್ಟಿ ನೋಡಿದ. ಚಹಾ ಕುಡಿದ. ಚಪ್ಪಲಿ ಮೆಟ್ಟಿಕೊಂಡು ಮನೆಗೆ ಹೋದ. ವೈನಿ ಅವತ್ತು ನಮ್ಮಲ್ಲೇ ಉಳಿದಳು.