ಥರ್ಮನ್ ಭಾವನ ಓಡಿದ ತಾಳ

ನಮ್ಮ ಭಾವ ಥರ್ಮನ್ ಬೆಕಲ್ಸ್ ಒಂದು ಕಡೆ ಸುಮ್ಮನೆ ಕೂತದ್ದನ್ನು ಬ್ರೂಕ್ಲಿನ್‌ನಲ್ಲಿ ಯಾರೂ ಕಂಡಿಲ್ಲ. ಊಟದ ಮೇಜು, ಚರ್ಚಿನ ಬೆಂಚು, ಬಸ್ಸಿನಲ್ಲಿ ಮುಂದಿನವರ ಸೀಟು, ಕೈಗೆ ಸಿಕ್ಕಿದ್ದೆಲ್ಲ ಅವರಿಗೆ ಡ್ರಮ್ಮೇ. ಹಗಲು ಅಂಚೆ ಕಚೇರಿಯ ಕೆಲಸ. ಸಂಜೆಯಾದರೆ ಪಿಯಾನೋದ ಕ್ಲೆಮೆಂಟ್ ಆಸ್ಗುಡ್, ಬೇಸ್ ನುಡಿಸುವ ಇನ್ನೊಬ್ಬ, ಜೊತೆಗೆ ಇವರು: ಮೂವರ ಜಾಝ್ ತಂಡ. ಡ್ರಮ್ಮಿನವನ ಮೊದಲ ಕೆಲಸ ತಾಳ ವೇಗ ಏರಿ ಓಡದಂತೆ ಹಿಡಿಯುವುದು. ಕೂತಲ್ಲಿ ಕೂರದ ಈ ಮನುಷ್ಯ ಡ್ರಮ್ಮಿನ ಮುಂದೆ ಮಾತ್ರ ಬಂಡೆ. ಅವರಿಗಿದ್ದ ಜಂಬವೂ ಅದೊಂದೇ.

ಕ್ಲೆಮೆಂಟ್ ಪ್ಯಾರಿಸ್ಸಿಗೆ ಹೋಗಿ ತಂಡ ಒಡೆಯಿತು. ಸಾವಿರದ ಒಂಬೈನೂರ ಅರವತ್ತೊಂದರಲ್ಲಿ ರೆಕಾರ್ಡು ಕಂಪನಿಯವರು ಹಳೆಯ ಟೇಪುಗಳನ್ನು ಕೆದಕಿ, ಆಗ ಬೇರೆ ಬೇರೆ ದಿನ ನುಡಿಸಿ ಬಿಟ್ಟಿದ್ದ ಹಾಡುಗಳನ್ನೆಲ್ಲ ಜೋಡಿಸಿ ಹೊಸ ರೆಕಾರ್ಡು ಮಾಡಿಯೇಬಿಟ್ಟರು. ನುಡಿಸಿದವರನ್ನು ಕೇಳುವ ಪದ್ಧತಿ ಅವರಲ್ಲಿರಲಿಲ್ಲ. ಅಂಚೆಯಲ್ಲಿ ಬಂದ ಪ್ರತಿಯನ್ನು ಭಾವ ಬಿಚ್ಚದೆ ಬೀರುವಿನ ಮೇಲಕ್ಕೆ ತಳ್ಳಿದರು.

ಆಮೇಲೆ ಅವರ ಚಡಪಡಿಕೆ ಹೇಳತೀರದು. ಕ್ಷೌರದಂಗಡಿಯಲ್ಲಿ ಯಾರೋ, "ಐದನೇ ಹಾಡು ಕೇಳಿದೆ ಥರ್ಮನ್! ಬೆಂಕಿ ಕಣಯ್ಯಾ, ಬೆಂಕಿ!" ಎಂದರಂತೆ. ಇವರು ಅರ್ಧ ಕೆನ್ನೆಯ ನೊರೆ ಹೊತ್ತುಕೊಂಡೇ ಮನೆಗೆ ಬಂದರು.

ನನಗೆ ನಗು, ಸಿಟ್ಟು ಎರಡೂ ಬಂತು. "ಏನ್ ಭಾವ, ಊರೆಲ್ಲ ಹೊಗಳ್ತಿದೆ, ನೀವು ಕಳ್ಳನ ಥರ ಓಡಾಡ್ತೀರಲ್ಲ?"

"ಐದನೇದ್ರಲ್ಲಿ ತಾಳ ಓಡಿದೆ, ಈನಿಡ್. ಅದನ್ನ ಬಿಸಾಕಿರ್ತಾರೆ ಅಂದ್ಕೊಂಡಿದ್ದೆ."

"ಓಡಿದ್ರೆ ಏನೀಗ, ಯಾರದಾದ್ರೂ ಪ್ರಾಣ ಹೋಯ್ತಾ?"

ಅವರು ಅಡುಗೆಮನೆಯ ಕಡೆ ನೋಡಿ ದನಿ ತಗ್ಗಿಸಿದರು. "ಅದು ಆವತ್ತಿಂದು."

ನಾಲಿಗೆ ಕಚ್ಚಿಕೊಂಡೆ. ಮೂರು ವರ್ಷದ ಹಿಂದೆ ನಮ್ಮಕ್ಕ ಮರ್ಟಲ್‌ಗೆ ದಿನ ತುಂಬುವ ಮೊದಲೇ ನೋವು ಶುರುವಾಗಿ ಆಸ್ಪತ್ರೆಗೆ ಸೇರಿಸಿದ್ದೆವು. ಸ್ಟುಡಿಯೋಗೆ ಫೋನು ಮಾಡಿದವಳು ನಾನೇ. ಇನ್ನೊಂದೇ ಹಾಡು ಬಾಕಿ ಇತ್ತಂತೆ. ಮುಗಿಸಿ ಬಂದರು. ಅಷ್ಟರಲ್ಲಿ ಮಗು ಹುಟ್ಟಿ, ಹೋಗಿಯೂ ಆಗಿತ್ತು. ಅಂದಿನಿಂದ ಅಕ್ಕ ಅವರಿಗೆ ಬಡಿಸುತ್ತಾಳೆ, ಅಂಗಿ ಇಸ್ತ್ರಿ ಮಾಡುತ್ತಾಳೆ, ಹತ್ತಿರ ಮಾತ್ರ ಕೂರುವುದಿಲ್ಲ.

ತಿರುಗಿದರೆ ಕೊಬ್ಬರಿ ಬ್ರೆಡ್ಡಿನ ಹಿಟ್ಟು ಮೆತ್ತಿದ ಕೈಯಲ್ಲಿ ಅಕ್ಕ ಬಾಗಿಲಲ್ಲಿ ನಿಂತಿದ್ದಳು.

"ಹಾಕು ಅದನ್ನ," ಎಂದಳು ನನಗೆ.

"ಬೇಡ ಮರ್ಟಲ್."

"ಹಾಕೇ, ಈನಿಡ್!"

ಹಾಕಿದೆ. ಐದನೇ ಹಾಡು ಮೊದಲು ನಿಧಾನವಾಗಿಯೇ ಇತ್ತು. ಆಮೇಲೆ ಡ್ರಮ್ಮು ಮುನ್ನುಗ್ಗಿತು. ಪಿಯಾನೋ, ಬೇಸ್ ಎರಡೂ ಏದುಸಿರು ಬಿಡುತ್ತ ಅದರ ಹಿಂದೆ ಬಿದ್ದವು. ಹಿಡಿಯುವವರೇ ಇಲ್ಲ. ಕೊನೆಯ ಪೆಟ್ಟು ಬಿದ್ದ ಮರುಕ್ಷಣ ರೆಕಾರ್ಡಿನಲ್ಲೇ ಕುರ್ಚಿ ಉರುಳಿದ ಸದ್ದೂ ಕೇಳಿತು. ಭಾವ ಎರಡೂ ಕೈಯನ್ನು ಕಂಕುಳಲ್ಲಿ ಅಡಗಿಸಿಕೊಂಡು ನಿಂತಿದ್ದರು.

"ನೀನು ಆರಾಮಾಗಿ ಬಾರಿಸ್ಕೊಂಡು ಕೂತಿದ್ದೆ ಅಂದ್ಕೊಂಡಿದ್ದೆ," ಎಂದಳು ಅಕ್ಕ.

"ಅರ್ಧಕ್ಕೇ ಎದ್ದು ಬರಬೇಕಿತ್ತು ನಾನು."

"ಹೌದು. ಬರಬೇಕಿತ್ತು."

ಹಾಗೆಂದು ಸೋಫಾದಲ್ಲಿ ಕೂತಳು. ಸ್ವಲ್ಪ ಹೊತ್ತಿನ ಮೇಲೆ, ಅವರ ಮುಖ ನೋಡದೆಯೇ, ಪಕ್ಕಕ್ಕೆ ಸರಿದು ಜಾಗ ಮಾಡಿದಳು.