ವಿಭೂತಿ ಹಚ್ಚಿಕೊಂಡು ಹುಟ್ಟಿದ ಮರಿಗಳು

ಮೊನ್ನೆ ಸಿಂದಗಿಯಿಂದ ಊರಿಗೆ ಹೊರಟಿದ್ದೆ. ಬಸ್ಸಿನಲ್ಲಿ ಪಕ್ಕ ಕೂತ ಹೆಣ್ಣುಮಗಳ ತೊಡೆಯ ಮೇಲೊಂದು ಬುಟ್ಟಿ, ಅದರ ಮೇಲೆ ಹಳೇ ಸೀರೆಯ ತುಂಡು, ಒಳಗಿನಿಂದ ಚಿಂವ್ ಚಿಂವ್. ಬಟ್ಟೆ ಸರಿಸಿ ಇಣುಕಿದ ಪುಟ್ಟ ಕರಿ ತಲೆಯ ನೆತ್ತಿಯಲ್ಲಿ ಬಿಳಿ ಚುಕ್ಕೆ ಕಂಡದ್ದೇ ತಡ, "ಎಲ್ಲಿಗ್ರಿ?" ಎಂದ ಕಂಡಕ್ಟರನಿಗೆ ನಾನು "ಹುಂಜ" ಎಂದುಬಿಟ್ಟೆ. ನಗಬೇಡಿ. ಅಂಥ ಚುಕ್ಕೆಯ ದೆಸೆಯಿಂದ ನಮ್ಮ ಓಣಿಯಲ್ಲಿ ಎರಡು ಮನೆಗಳ ಮಾತೇ ನಿಂತುಹೋಗಿತ್ತು.

ನಮ್ಮೂರು ಇಂಗಳೇಶ್ವರ. ಅವ್ವನ ಹತ್ತಿರ ಮೈತುಂಬ ಕರಿ ಬಿಳಿ ಪಟ್ಟಿಯ ಕೋಳಿಯೊಂದಿತ್ತು. ಪಕ್ಕದ ಮನೆಯ ಶಾಂತವ್ವ ಕಾಕಿಯದು ಅಪ್ಪಟ ಕರಿ ಹುಂಜ. ಅದರ ದಿಮಾಕು ಊರ ಗೌಡರಿಗೂ ಇರಲಿಲ್ಲ. ನಮ್ಮಲ್ಲಿ ಬೆಕ್ಕಿನ ಕಾಟವೆಂದು ಕೋಳಿಯನ್ನು ಕಾಕಿಯ ಮನೆಯಲ್ಲೇ ಕಾವಿಗೆ ಕೂಡಿಸಿದರು. ಮರಿ ಅರ್ಧರ್ಧ ಪಾಲು ಎಂದು ಮಾತಾಯಿತು. ಕಾಕಿಯ ಮಗಳು ಗೌರವ್ವ ಆಗತಾನೇ ಚೊಚ್ಚಲ ಬಸುರಿ. ಅವಳು ಬಾಣಂತನಕ್ಕೆ ಬರುವ ಹೊತ್ತಿಗೆ ಮನೆಯಲ್ಲೇ ತತ್ತಿ ಇಡುವ ಕೋಳಿ ಇರಬೇಕೆಂಬುದು ಕಾಕಿಯ ಆಸೆ.

ಮರಿಗಳೆಲ್ಲ ಕರ್ರಗೆ ಹುಟ್ಟಿದವು. ಅರ್ಧಕ್ಕೆ ಮಾತ್ರ ನೆತ್ತಿಯ ಮೇಲೆ ಬಿಳಿ ಚುಕ್ಕೆ. ಕಾಕಿ ಕೈಮುಗಿದಳು.

"ಅಯ್ಯ ಶಿವನ, ವಿಭೂತಿ ಹಚ್ಕೊಂಡ ಹುಟ್ಟ್ಯಾವಲ್ಲ! ಇವು ನನಗಿರ್ಲಿ ಯಕ್ಕಾ."

"ತೊಗೋವಾ. ನಮಗ ಬೋಳ ನೆತ್ತೀವು ಆದ್ರೂ ನಡೀತೈತಿ," ಎಂದಳು ಅವ್ವ.

ನಮ್ಮ ಬಾಗೇವಾಡಿ ಸೀಮೆಯಲ್ಲಿ ವಿಭೂತಿಗೆ ಸಿಗುವ ಮರ್ಯಾದೆ ಕೋಳಿಮರಿಗೂ ಸಿಕ್ಕಿತು. ಆದರೆ ಪುಕ್ಕ ಬಲಿಯುತ್ತಿದ್ದಂತೆ ವಿಭೂತಿಯವೆಲ್ಲ ಪಟ್ಟಿ ಅಂಗಿ ತೊಟ್ಟವು, ಜುಟ್ಟು ಕೆಂಪೇರಿತು, ಒಂದು ಬೆಳಗ್ಗೆ ಒಂದರ ಹಿಂದೊಂದು ಕೂಗಿದವು. ಒಂದೂ ಬಿಡದೆ ಎಲ್ಲ ಹುಂಜ! ನಮ್ಮ ಬೋಳುನೆತ್ತಿಯವೆಲ್ಲ ಕರೀ ಹ್ಯಾಟಿಗಳಾಗಿ, ಅಂದರೆ ಹೆಣ್ಣುಕೋಳಿಗಳಾಗಿ, ತತ್ತಿಗೆ ಬಂದವು.

"ನಿನಗ ಮೊದಲ ಗೊತ್ತಿತ್ತು," ಎಂದ ಕಾಕಿ ಮಾತು ಬಿಟ್ಟಳು. ಅವ್ವ ಕಳಿಸಿದ ತತ್ತಿಗಳೂ ವಾಪಸು ಬಂದವು. ದಿನಾ ನಡುಗೋಡೆಯ ಮೇಲಿಂದ ಹರಟುತ್ತಿದ್ದ ಗೆಳತಿ ಮುಖ ತಿರುವಿದರೂ ಅವ್ವ ಅದೇ ಹೊತ್ತಿಗೆ ಗೋಡೆಯ ಹತ್ತಿರ ಹೋಗಿ ನಿಂತು ಬರುತ್ತಿದ್ದಳು.

ನಾನಾಗ ವಿಜಯಪುರದಲ್ಲಿ ಬಿಎಸ್ಸಿ. ರಜೆಗೆ ಬಂದವನು ಸುದ್ದಿ ಕೇಳಿ ಹಿಗ್ಗಿದೆ. ಓದಿದ್ದು ಉಪಯೋಗಕ್ಕೆ ಬರುವ ಪ್ರಸಂಗ ನನ್ನ ಬಾಳಿನಲ್ಲಿ ಅದೇ ಮೊದಲು. ಕಾಕಿಯ ಅಂಗಳದಲ್ಲಿ ಇದ್ದಿಲಿನಿಂದ ಚಿತ್ರ ಬರೆದು ವಿವರಿಸಿದೆ. ಪಟ್ಟಿಕೋಳಿ ತನ್ನ ಪಟ್ಟಿಯ ಗುಣವನ್ನು ಗಂಡುಮರಿಗೆ ಮಾತ್ರ ದಾಟಿಸುತ್ತದೆ. ಹೆಣ್ಣುಮರಿಗೆ ಅಪ್ಪನ ಕರಿಬಣ್ಣವೇ ಗತಿ. ಮುಂದೆ ಬರುವ ಪಟ್ಟಿಯ ಸೂಚನೆಯೇ ಆ ಚುಕ್ಕೆ.

"ಅಂದ್ರ ಹುಟ್ಟಿದ ದಿನಾನ ಗೊತ್ತಾಗ್ತೈತೇನು?"

"ಹೌದ ಕಾಕಿ, ಹುಟ್ಟಿದ ದಿನಾನ!"

"ಭಾಳ ಶಾಣ್ಯಾ ಅದಿ ತಮ್ಮಾ. ಇದನ್ನ ನಿಮ್ಮವ್ವಗ ಮೊದಲ ಹೇಳೀದಿ. ಅದಕ್ಕ ಅಕಿ ಬೋಳ ನೆತ್ತೀಗೆ ಹೂಂ ಅಂದ್ಲು!"

ವಕಾಲತ್ತು ವಹಿಸಲು ಹೋಗಿ ಅವ್ವನಿಗೆ ಶಿಕ್ಷೆ ಕೊಡಿಸಿ ಬಂದೆ. "ಇನ್ನ ನನ್ನ ಪರವಾಗಿ ಮಾತಾಡಬ್ಯಾಡಪಾ," ಎಂದಳು ಅವ್ವ.

ಗೌರವ್ವ ಹೆಣ್ಣು ಹೆತ್ತಳು. ಕಾಕಿ ಕೂಸನ್ನೆತ್ತಿಕೊಂಡು ನಡುಗೋಡೆಗೆ ಓಡಿಬಂದಳು.

"ಯಕ್ಕಾ, ನೋಡಿಲ್ಲೆ! ನನ್ನ ಮಗಳು ಬೆಳ್ಳಗ ಅದಾಳ, ಇದು ಅಳಿಯನಂಗ ಕರೀ ಮುತ್ತು! ಹೆಣ್ಣು ಅಪ್ಪನ ಹಾಂಗ ಅಂತ ತಮ್ಮ ಅಂದಿದ್ದು ಖರೆ ಐತಿ. ಎಲ್ಲಾ ಶಿವನ ಆಟ, ನಾ ಸುಮ್ಮನ ನಿನ್ನ ಮ್ಯಾಲ ಹಾಕಿದ್ನಿ." ಆಮೇಲೆ ದನಿ ತಗ್ಗಿಸಿ ಕೇಳಿದಳು: "ತತ್ತಿ ಅದಾವನು?"

ಅವ್ವ ತತ್ತಿಯ ಬುಟ್ಟಿಯನ್ನೇ ಎತ್ತಿ ಗೋಡೆಯ ಮೇಲಿಟ್ಟಳು. ಅವಳ ಕಣ್ಣು ತುಂಬಿತ್ತು.

ಮನುಷ್ಯರ ಲೆಕ್ಕವೇ ಬೇರೆ. ಮೈಬಣ್ಣ ತಾಯಿ ತಂದೆ ಇಬ್ಬರಿಂದಲೂ ಬರುತ್ತದೆ, ಮಗ ಮಗಳು ಎಂಬ ಭೇದವಿಲ್ಲ. ಹೇಳಲು ಬಾಯಿ ತೆರೆದೆ. ಅವ್ವ ನನ್ನತ್ತ ನೋಡಿದಳು. ಮುಚ್ಚಿಕೊಂಡೆ.

ಈಗ ನಾನು ಸಿಂದಗಿಯಲ್ಲಿ ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರದ ಮೇಷ್ಟ್ರು. ಗೌರವ್ವನ ಮಗಳು ರೇಣುಕಾ ನನ್ನ ಕ್ಲಾಸಿನಲ್ಲೇ ಇದ್ದಾಳೆ. ಮೊನ್ನೆ ಬಸ್ಸಿಳಿದು ಮನೆಗೆ ಹೋದರೆ ರಜೆಗೆ ಅಜ್ಜಿಯ ಮನೆಗೆ ಬಂದಿದ್ದ ಅವಳು ಪುಸ್ತಕ ಹಿಡಿದು ಎದುರಾದಳು. ಕಟ್ಟೆಯ ಮೇಲೆ ಅವ್ವ, ಕಾಕಿ ಜೋಳ ಹಸನು ಮಾಡುತ್ತ ಯಾವುದಕ್ಕೋ ಬಿದ್ದು ಬಿದ್ದು ನಗುತ್ತಿದ್ದರು.

"ಮಾಮಾ, ಮುಂದಿನ ಪಾಠ ಆಗ್ಲೇ ಓದೀನ್ರಿ," ಎಂದಳು ಮೆಲ್ಲಗೆ. "ನನ್ನ ಬಣ್ಣದ ಬಗ್ಗೆ ಅಜ್ಜಿ ಊರಿಗೆಲ್ಲ ಹೇಳೂದು ಸುಳ್ಳ ಐತಿ."

ಕಟ್ಟೆಯವರಿಗೆ ಕೇಳಿಸಿತೇನೋ ಎಂದು ನಾನು ತಿರುಗಿ ನೋಡಿದೆ. ಅವಳು ಆ ಇಬ್ಬರು ಮುದುಕಿಯರನ್ನು ಒಂದಷ್ಟು ಹೊತ್ತು ನೋಡಿ, ಪುಸ್ತಕ ಮುಚ್ಚಿದಳು.

"ಇರ್ಲಿ ಬಿಡ್ರಿ. ಪರೀಕ್ಷಾದಾಗಷ್ಟ ಬರೀತೇನಿ."